ಮುಂದಿನ ಸೀಟಿನ ಬಲ್ಬು

ನಮ್ಮಣ್ಣನನ್ನು ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಟಕ್ಕಣ್ಣ ಅನ್ನುತ್ತಾರೆ. ಕಾರುಗಳ ಕರೆಂಟಿನ ಕೆಲಸ ಅವನದು. ಎಂಜಿನ್ನು, ಗೇರು, ಬ್ರೇಕು ಬೇರೆಯವರ ಪಾಲು. ವೈರು, ಫ್ಯೂಸು, ಹಾರನ್ನು, ದೀಪ ಅವನ ಪಾಲು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ ಮಲಗಿದನೆಂದರೆ ಮುಗಿಯಿತು. ಊಟಕ್ಕೆ ಕರೆದರೆ ಒಂದು ಪಾದ ಅಲ್ಲಾಡುತ್ತದೆ, ಅದೇ ಉತ್ತರ. ಅವನ ಮುಖ ಸರಿಯಾಗಿ ನೋಡದೆ ಬರೀ ಪಾದದ ಗುರುತು ಇಟ್ಟುಕೊಂಡ ಗಿರಾಕಿಗಳೂ ಇದ್ದಾರೆ.

ಟಕ್ಕಣ್ಣ ಅಂತ ಯಾಕೆ ಅಂದರೆ, ಕಾರಿನ ಕೀಯನ್ನು ಪೂರ್ತಿ ತಿರುಗಿಸುವ ಮೊದಲು ಒಂದು ಹಂತ ಸಿಗುತ್ತದೆ. ಎಂಜಿನ್ ಶುರುವಾಗಿರುವುದಿಲ್ಲ, ಆದರೆ ರೇಡಿಯೋ ಮಾತಾಡುತ್ತದೆ, ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿಗೆ ಜೀವ ಬರುತ್ತದೆ. ಆ ಜೀವ ಕೊಡುವುದು ರಿಲೇ ಅನ್ನುವ ಒಂದು ಪುಟ್ಟ ಕಪ್ಪು ಡಬ್ಬಿ. ಕೀ ತಿರುಗಿದಾಗ ಅದರ ಹೊಟ್ಟೆಯೊಳಗೆ ಟಕ್ ಅನ್ನುತ್ತದೆ. ಅಣ್ಣ ಅದರ ಮೇಲೆ ಬೆರಳಿಟ್ಟು, ಆ ಸದ್ದನ್ನು ಬೆರಳಲ್ಲೇ ಕೇಳುತ್ತಾನೆ. ಟಕ್ ಬರಲಿಲ್ಲ ಅಂದರೆ ಕೀ ಕಡೆಯ ವೈರಿನಲ್ಲಿ ತೊಂದರೆ. ಟಕ್ ಬಂದೂ ಸಾಕೆಟ್ ಸತ್ತಿದ್ದರೆ ಡಬ್ಬಿಯ ಒಳಗೇ ಸುಟ್ಟಿದೆ, ಇಲ್ಲವೇ ಅದರಿಂದ ಮುಂದೆ ಎಲ್ಲೋ ಹರಿದಿದೆ. ಹೀಗೆ ಒಂದೊಂದೇ ಬಾಗಿಲು ತಟ್ಟುತ್ತಾ ಹೋಗುತ್ತಾನೆ. ಬೇರೆಯವರು ಕೈಗೆ ಸಿಕ್ಕಿದ್ದನ್ನೆಲ್ಲ ಬದಲಾಯಿಸಿ ಗಾಡಿ ಕಳಿಸಿಬಿಡುತ್ತಾರೆ. ನಮ್ಮವನು ಕಾರಣ ಸಿಗುವತನಕ ‘ಸರಿಯಾಯ್ತು’ ಅನ್ನುವ ಮಾತನ್ನೇ ಆಡುವುದಿಲ್ಲ. ತಾನಾಗಿ ಕೆಟ್ಟು ತಾನಾಗಿ ಸರಿಹೋದ ಗಾಡಿಯನ್ನು ವಾಪಸ್ ಕೊಡಲಿಕ್ಕೇ ಒಪ್ಪುವುದಿಲ್ಲ. ಗಿರಾಕಿ ಬಂದು ‘ನಡೀತಾ ಇದೆಯಲ್ಲಪ್ಪಾ, ಕೊಡು’ ಅಂದರೆ, ‘ಯಾಕೆ ನಡೀತಾ ಇದೆ ಅಂತ ಗೊತ್ತಿಲ್ವಲ್ಲ ಸ್ವಾಮಿ’ ಅನ್ನುತ್ತಾನೆ. ಗಿರಾಕಿ ತಲೆ ತಲೆ ಚಚ್ಚಿಕೊಂಡು ಹೋಗುತ್ತಾನೆ.

ಬೆರಳಿಟ್ಟು ಕೇಳುವಾಗ ಕೀ ತಿರುಗಿಸಲು ಇನ್ನೊಬ್ಬರು ಬೇಕು. ಮದುವೆಯಾದ ಹೊಸತರಿಂದ ಆ ಕೆಲಸ ಅತ್ತಿಗೆಯದು. ಒಲೆಯ ಮೇಲಿದ್ದದ್ದನ್ನು ಇಳಿಸಿ, ಕೈ ಒರೆಸಿಕೊಂಡು ಓಡಿಬಂದು, ಯಾರದೋ ಕಾರಿನ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದರು. ಕೆಳಗಿನಿಂದ ‘ಹಾಕು’ ಅಂದರೆ ಹಾಕಬೇಕು, ‘ತೆಗಿ’ ಅಂದರೆ ತೆಗೆಯಬೇಕು. ‘ಎಂಥೆಂಥಾ ಕಾರಲ್ಲಿ ಕೂತಿದೀನಿ ಗೊತ್ತಾ? ಒಂದು ಗಜನೂ ಮುಂದೆ ಹೋಗಿಲ್ಲ’ ಅಂತ ನನ್ನ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ನಗುವುದರಲ್ಲಿ ಅತ್ತಿಗೆ ಎತ್ತಿದ ಕೈ. ಆಮೇಲೆ ಅದೇ ನಗು ಕೆಮ್ಮಿನಲ್ಲಿ ಮುಗಿಯತೊಡಗಿತು.

ಅವರು ಹುಡುಗಿಯಾಗಿದ್ದಾಗಿನಿಂದ ನೂಲಿನ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಹತ್ತಿಯ ಧೂಳು ಒಳಗೆ ಹೋಗಿ ಹೋಗಿ ಶ್ವಾಸಕೋಶ ಗಟ್ಟಿಯಾಗಿದೆ, ಇನ್ನು ಅದು ಹಿಗ್ಗುವುದಿಲ್ಲ ಅಂದರು ಡಾಕ್ಟರು. ಗಾಳಿಯಿಂದ ಆಮ್ಲಜನಕ ಹಿಂಡಿ ಕೊಡುವ ಒಂದು ಮಿಷನ್ ಮನೆಗೆ ಬಂತು. ಅದರಿಂದ ಹೊರಟ ಸಣ್ಣ ಕೊಳವೆ ಹಗಲೂ ಇರುಳೂ ಮೂಗಿನಲ್ಲಿ. ಮಿಷನ್ನಿನ ವೈರು ಗೋಡೆಯ ಪ್ಲಗ್ಗಿಗೆ. ಅಲ್ಲಿಗೆ ಅತ್ತಿಗೆಯ ಲೋಕ ಆ ಕೊಳವೆ ಎಷ್ಟು ಉದ್ದವೋ ಅಷ್ಟೇ ಆಯಿತು. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ನನ್ನ ಹೊಲಿಗೆ ಮಿಷನ್ನು. ಗಂಡನ ಮನೆ ನನಗೆ ಒಗ್ಗಲಿಲ್ಲ, ಅವರಿಗೂ ನಾನು ಒಗ್ಗಲಿಲ್ಲ. ಮಿಷನ್ ಸಮೇತ ಅಣ್ಣನ ಮನೆಗೆ ಬಂದವಳು ಇಲ್ಲೇ ಉಳಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ. ಅಣ್ಣ ನನ್ನನ್ನು ಜಗಳಗಂಟಿ ಅಂತಲೇ ಕರೆಯುವುದು. ಅತ್ತಿಗೆ ಕೀ ಬಿಟ್ಟ ಮೇಲೆ ‘ಹಾಕು, ತೆಗಿ’ ನನ್ನ ಪಾಲಿಗೆ ಬಂತು.

ಅತ್ತಿಗೆಗೆ ಒಬ್ಬಳೇ ಅಕ್ಕ. ತಾಯಿ ಬೇಗ ಹೋದ್ದರಿಂದ ಎತ್ತಿ ಆಡಿಸಿದ್ದು, ತಲೆ ಬಾಚಿದ್ದು, ಮದುವೆ ಮಾಡಿಸಿದ್ದು ಎಲ್ಲಾ ಆ ಅಕ್ಕನೇ. ಅವರಿರುವ ಪಟ್ಟಣಕ್ಕೆ ಕಾರಿನಲ್ಲಿ ಅರ್ಧ ದಿನದ ದಾರಿ. ಅಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಲಗಿದಲ್ಲೇ ಹೃದಯವೂ ಸೋತಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟರು. ಹಾಗಂದರೆ ಏನು ಅಂತ ಎಲ್ಲರಿಗೂ ಗೊತ್ತು.

‘ರೀ, ಅಕ್ಕನ್ನ ಜೀವ ಇರೋವಾಗ್ಲೇ ಒಂದ್ಸಲ ನೋಡ್ಬೇಕು’ ಅಂದರು ಅತ್ತಿಗೆ. ಅಣ್ಣನ ಹತ್ತಿರ ಅವರು ಜೀವಮಾನದಲ್ಲಿ ಕೇಳಿಕೊಂಡದ್ದು ಬಹಳ ಕಡಿಮೆ. ಇದನ್ನು ಕೇಳಿದರು.

‘ಕರ್ಕೊಂಡು ಹೋಗ್ತೀನಿ ಕಣೇ’ ಅಂದ ಅಣ್ಣ. ಆ ಮಾತು ಬಾಯಿಮಾತಲ್ಲ, ಮನಸ್ಸಿನಿಂದಲೇ ಹೇಳಿದ್ದು.

ಮಿಷನ್ನಿನಲ್ಲಿ ಸ್ವಂತ ಬ್ಯಾಟರಿ ಇದೆ, ಒಂದು ಗಂಟೆಯೂ ತಡೆಯದು. ಕಾರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಎಷ್ಟು ದೂರ ಬೇಕಾದರೂ ಹೋಗಬಹುದು. ಹೊರಡುವ ಮೊದಲು ಒಂದು ಸಲ ಡಾಕ್ಟರ ತಪಾಸಣೆಗೆ ಅಂತ ನಮ್ಮ ಹಳೇ ಕಾರಿನಲ್ಲಿ ಹಾಗೇ ಹೋಗಿದ್ದೆವು. ಹೋಗುವಾಗ ಚೆನ್ನಾಗಿಯೇ ಇತ್ತು. ಬರುವಾಗ, ಸೇತುವೆಯ ಹತ್ತಿರ ಗಾಡಿಗಳೆಲ್ಲ ಸಾಲುಗಟ್ಟಿ ನಿಂತಿದ್ದಾಗ, ಸಾಕೆಟ್ ಸತ್ತುಹೋಯಿತು. ಮಿಷನ್ ತನ್ನ ಬ್ಯಾಟರಿಗೆ ಬಿತ್ತು. ಆ ಬ್ಯಾಟರಿಯೂ ಮುಗಿದು ಅದು ಕೂಗಿಕೊಳ್ಳತೊಡಗಿತು. ಮುಂದೆ ಲಾರಿ, ಹಿಂದೆ ಬಸ್ಸು. ಅಣ್ಣ ಸ್ಟೀರಿಂಗ್ ಹಿಡಿದೇ ಕೆಳಗೆ ಕೈಹಾಕಿ ಫ್ಯೂಸ್ ಹುಡುಕುತ್ತಿದ್ದಾನೆ, ಪಕ್ಕದಲ್ಲಿ ಅತ್ತಿಗೆಯ ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿದೆ. ಮನೆ ಮುಟ್ಟಿ ಗೋಡೆಯ ಪ್ಲಗ್ಗಿಗೆ ಹಾಕಿದ ಮೇಲೂ ಅವರಿಗೆ ಮಾತು ಬರಲು ಬಹಳ ಹೊತ್ತು ಹಿಡಿಯಿತು. ಅಣ್ಣ ಅವರ ಕಾಲ ಹತ್ತಿರ ನೆಲದ ಮೇಲೆ ಕೂತಿದ್ದವನು ಏಳಲೇ ಇಲ್ಲ.

ಮರುದಿನ ಬೆಳಿಗ್ಗೆ ಕಾರಿನ ಹತ್ತಿರ ಹೋಗಿ ಕೀ ತಿರುಗಿಸಿದರೆ, ಸಾಕೆಟ್ಟಿನಲ್ಲಿ ಕರೆಂಟು ಕುಣಿಯುತ್ತಿದೆ! ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ. ‘ಹಾಕು’ ಅಂದ, ಹಾಕಿದೆ. ಟಕ್. ‘ತೆಗಿ.’ ಟಕ್. ಫ್ಯೂಸ್ ಗಟ್ಟಿ. ರಿಲೇ ಬಿಚ್ಚಿ ನೋಡಿದ, ಒಳಗೆ ತುಸು ಮಸಿ ಹಿಡಿದಿತ್ತು, ಹೊಸದು ಹಾಕಿದ. ಸಾಕೆಟ್ಟನ್ನೇ ಕಿತ್ತು ಬೇರೆ ಕೂರಿಸಿದ. ಕಾರಿನ ಮೈತಗಡಿಗೆ ಕಚ್ಚಿಸಿದ ಅರ್ತ್ ವೈರಿನ ತುಕ್ಕು ಕೆರೆದು ಮತ್ತೆ ಬಿಗಿದ. ಕೀ ಹಿಂದಿನ ಸ್ವಿಚ್ಚನ್ನೂ ತೆಗೆದು ತೊಳೆದ. ಎಲ್ಲಾ ಸರಿಯಾಗಿತ್ತು. ಸರಿಯಾಗಿದ್ದದ್ದೇ ಅವನಿಗೆ ಕಂಟಕವಾಯಿತು. ಯಾಕೆಂದರೆ ಅಂದು ಸೇತುವೆಯ ಹತ್ತಿರ ಇವುಗಳಲ್ಲಿ ಯಾವುದು ಕೈಕೊಟ್ಟಿತು ಅಂತ ಯಾವುದೂ ಒಪ್ಪಿಕೊಳ್ಳುತ್ತಿರಲಿಲ್ಲ.

‘ಬ್ಯಾಟರಿಯಿಂದ ನೆಟ್ಟಗೆ ಒಂದು ವೈರ್ ಎಳಿ. ಈ ಟಕ್ಕೂ ಬೇಡ, ಗಿಕ್ಕೂ ಬೇಡ’ ಅಂದೆ ನಾನು.

‘ಎಳೀಬಹುದು. ಆದ್ರೆ ಕೆಟ್ಟಿರೋದು ಬ್ಯಾಟರಿ ಬುಡದಲ್ಲೇ ಇದ್ರೆ? ಅರ್ತಲ್ಲಿದ್ರೆ? ಹೊಸ ವೈರೂ ಅದನ್ನೇ ಕುಡಿದು ಬದುಕ್ಬೇಕಲ್ವಾ? ಯಾವುದು ಕೆಟ್ಟಿದೆ ಅಂತ ಗೊತ್ತಿಲ್ದೆ ಅವಳನ್ನ ಕೂರಿಸ್ಕೊಂಡು ಹೋಗ್ಲಾ? ಅವಳ ತುಟಿ ನೀನೂ ನೋಡಿದ್ಯಲ್ಲ?’

ನೋಡಿದ್ದೆ.

ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡು ಹೋಗೋಣ ಅಂದರೆ, ಚಿಕ್ಕದು ಕಾಲು ದಾರಿಗೂ ಬರುವುದಿಲ್ಲ, ದೊಡ್ಡದನ್ನು ಕಾರಿನಲ್ಲಿ ಹಾಕಿಕೊಂಡು ಹೋಗಲು ಅಂಗಡಿಯವನು ಕೊಡುವುದಿಲ್ಲ. ಕೊನೆಗೆ ನಾನೇ ಒಂದು ಟ್ಯಾಕ್ಸಿ ಗೊತ್ತುಮಾಡಿದೆ. ಹೊಸ ಗಾಡಿ, ತಳತಳ ಹೊಳೆಯುತ್ತಿತ್ತು. ಅತ್ತಿಗೆ ಬಟ್ಟೆ ಬದಲಾಯಿಸಿ, ಅಕ್ಕನಿಗೆ ಅಂತ ನಾನು ಹೊಲಿದುಕೊಟ್ಟ ಮೆತ್ತನೆ ದಿಂಬಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಣ್ಣ ಕರೆಂಟು ಇದೆಯಾ ಅಂತ ನೋಡುವ ಟೆಸ್ಟ್ ಲ್ಯಾಂಪ್ ಹಿಡಿದುಕೊಂಡು ಟ್ಯಾಕ್ಸಿಯ ಹತ್ತಿರ ಹೋದ. ನನಗೆ ಆಗಲೇ ಅನ್ನಿಸಿತು, ಕೆಟ್ಟಿತು ಕೆಲಸ ಅಂತ.

ಫ್ಯೂಸ್ ಬಾಕ್ಸ್ ತೆಗೆದು ನೋಡಿದರೆ ಸಾಕೆಟ್ಟಿನ ಫ್ಯೂಸ್ ಇದ್ದಲ್ಲಿ ಯಾರೋ ತಾಮ್ರದ ಎಳೆ ಸುತ್ತಿಟ್ಟಿದ್ದರು, ಭಾರ ಹೆಚ್ಚಾದರೆ ವೈರೇ ಹೊತ್ತಿಕೊಳ್ಳುವ ಹಾಗೆ.

‘ಇದ್ಯಾರು ಸುತ್ತಿದ್ದು?’ ಅಂದ ಅಣ್ಣ.

‘ಮೊಬೈಲ್ ಚಾರ್ಜ್ ಆಗುತ್ತೆ ಸಾರ್, ಇನ್ನೇನು ಬೇಕು?’ ಅಂದ ಡ್ರೈವರ್.

‘ಇದು ಮೊಬೈಲ್ ಅಲ್ಲಯ್ಯಾ, ನನ್ನ ಹೆಂಡ್ತಿ.’

‘ನಿಮ್ಮ ಹೆಂಡ್ತೀನ ನಾನೇನ್ ಸಾಕೆಟ್ಟಿಗೆ ಹಾಕು ಅಂದ್ನಾ? ಬರ್ತೀರಾ ಬನ್ನಿ, ಇಲ್ಲಾಂದ್ರೆ ಬಿಡಿ’ ಅಂತ ಅವನು ರೇಗಿದ. ಅಣ್ಣನೂ ರೇಗಿದ. ಅವರಿಬ್ಬರ ಮೇಲೂ ನಾನು ರೇಗಿದೆ. ಬೀದಿಗೆ ಬೀದಿಯೇ ನೆರೆಯಿತು. ಟ್ಯಾಕ್ಸಿ ಧೂಳೆಬ್ಬಿಸಿಕೊಂಡು ಹೊರಟುಹೋಯಿತು. ಒಳಗೆ ಬಂದರೆ ಅತ್ತಿಗೆ ಮತ್ತೆ ಮನೆಬಟ್ಟೆಗೆ ಬದಲಾಯಿಸಿ ಆಗಿತ್ತು.

‘ಹೋಗ್ಲಿ ಬಿಡೇ. ಅವರು ಸರಿ ಅಂದ ದಿನ ಹೋಗೋಣ’ ಅಂದರು.

ನಾನು ಅವರ ಮೇಲೂ ರೇಗಿದೆ. ‘ಅತ್ತಿಗೆ, ನೀವೂ ಒಂದು, ಅವನೂ ಒಂದು! ಅವನು ಸರಿ ಅನ್ನೋದು ಯಾವ ಕಾಲಕ್ಕೆ?’

‘ಅವರು ಹಾಗಿರೋದಕ್ಕೇ ಅಲ್ವಾ ಜನ ಗಾಡಿ ತಂದು ಬಿಡೋದು?’ ಅಂದರು. ಗಂಡನ ಕೆಲಸದ ಮೇಲೆ ಅವರಿಗೆ ಅಷ್ಟು ನಂಬಿಕೆ. ನಂಬಿಕೆ ಇಲ್ಲದ ಹೆಂಡತಿಯಾಗಿದ್ದರೆ ಅವತ್ತೇ ಟ್ಯಾಕ್ಸಿ ಹತ್ತಿ ಹೋಗಿರುತ್ತಿದ್ದಳು ಅಂತ ನಾನು ಎಷ್ಟು ಸಲ ಅಂದುಕೊಂಡಿಲ್ಲ!

ಅಕ್ಕನ ಜೊತೆ ದಿನವೂ ಫೋನಿನಲ್ಲಿ ಮಾತು. ಅಲ್ಲಿ ಫೋನ್ ಹಿಡಿಯುವವಳು ಅಕ್ಕನ ಸೊಸೆ. ಮುಖ ತೋರಿಸುವ ಕರೆ ಮಾಡಿದರೆ ಅಕ್ಕ ‘ಕೊಡಿಲ್ಲಿ’ ಅಂತ ತಾವೇ ಕಿತ್ತುಕೊಳ್ಳುತ್ತಿದ್ದರು, ಕೈ ನಡುಗಿ ಫೋನು ಎದೆಯ ಮೇಲೆ ಬೀಳುತ್ತಿತ್ತು, ನಮಗೆ ಕಾಣುತ್ತಿದ್ದದ್ದು ಮೇಲೆ ತಿರುಗುವ ಫ್ಯಾನು. ‘ಇವತ್ತೂ ಫ್ಯಾನ್ ಜೊತೇನೇ ಮಾತಾಡಿ ಆಯ್ತು’ ಅನ್ನುತ್ತಿದ್ದರು ಅತ್ತಿಗೆ. ಒಂದು ದಿನ ಅಕ್ಕನ ಧ್ವನಿ ಚೆನ್ನಾಗಿತ್ತು. ‘ಪುಟ್ಟೀ, ನಿನ್ನ ಗಂಡನಿಗೆ ಹೇಳು, ನಾನು ಕಾರಲ್ಲ. ನನ್ನ ಸ್ಪೇರ್ ಪಾರ್ಟು ಎಲ್ಲೂ ಸಿಗಲ್ಲ. ಬೇಗ ಬನ್ರೇ’ ಅಂದರು. ಅಣ್ಣ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು ಜೋರಾಗಿ ನಕ್ಕ. ನಕ್ಕವನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಮತ್ತೆ ಕಾರಿನೊಳಗೆ ತೂರಿಕೊಂಡ.

ಅಷ್ಟರಲ್ಲಿ ಅವನಿಗೆ ಒಂದು ಉಪಾಯ ಹೊಳೆದಿತ್ತು. ಸುಮ್ಮನೆ ಕರೆಂಟು ಇದೆಯೋ ಇಲ್ಲವೋ ನೋಡಿದರೆ ಇದೆ ಅಂತಲೇ ತೋರಿಸುತ್ತದೆ; ಭಾರ ಹೊರಿಸಿ ನೋಡಬೇಕು. ಮಿಷನ್ನಿನಷ್ಟೇ ಕರೆಂಟು ಎಳೆಯುವ ಹೆಡ್‌ಲೈಟ್ ಬಲ್ಬೊಂದನ್ನು ಸಾಕೆಟ್ಟಿಗೆ ಸಿಕ್ಕಿಸಿದ. ಅದನ್ನು ಒಂದು ತಗಡಿನ ಡಬ್ಬದೊಳಗೆ ಕೂರಿಸಿ, ಡಬ್ಬವನ್ನು ಮುಂದಿನ ಸೀಟಿನ ಮೇಲೆ, ಅತ್ತಿಗೆ ಕೂರುವ ಜಾಗದಲ್ಲಿಟ್ಟು ಬೆಲ್ಟು ಬಿಗಿದ. ನಾನು ಹಿಂದಿನ ಸೀಟಿನಲ್ಲಿ. ಕೆಲಸ ಮುಗಿಸಿ ದಿನಾ ಸಂಜೆ ಹೊರಡುವುದು. ಹಳ್ಳ ದಿಣ್ಣೆ ಹುಡುಕಿಕೊಂಡು ಹೋಗುವುದು, ಗಾಡಿಗಳು ಸಿಕ್ಕಿಬೀಳುವ ಜಾಗದಲ್ಲಿ ಬೇಕಂತಲೇ ಹೋಗಿ ಸಿಕ್ಕಿಬೀಳುವುದು, ಬಲ್ಬು ಆರುತ್ತದಾ ಅಂತ ಕಣ್ಣು ಮಿಟುಕಿಸದೆ ನೋಡುವುದು. ಬೀದಿಯವರು ಬಿಡುತ್ತಾರಾ? ‘ಟಕ್ಕಣ್ಣ ಬಲ್ಬಿಗೆ ಊರು ತೋರಿಸ್ಕೊಂಡು ಬರ್ತಾನೆ’ ಅಂತ ಆಡಿಕೊಂಡರು. ‘ಏನಮ್ಮಾ ಜಗಳಗಂಟಿ, ಮುಂದಿನ ಸೀಟು ನಿನಗಿಲ್ವಾ?’ ಅಂತ ನನ್ನನ್ನೂ ಕೆಣಕಿದರು. ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಒಂದು ಸಂಜೆ ರೈಲ್ವೆ ಗೇಟು ದಾಟುವಾಗ ಬಲ್ಬು ನಿಜವಾಗಿಯೂ ಆರಿತು. ನಾನೂ ನೋಡಿದೆ. ಆರಿ, ಮತ್ತೆ ಹತ್ತಿತು. ಅಣ್ಣ ಗೇಟಿನ ಪಕ್ಕದಲ್ಲೇ ಗಾಡಿ ನಿಲ್ಲಿಸಿ ಕೆಳಗೆ ಮಲಗಿಬಿಟ್ಟ. ರಿಲೇ ಕೂರುವ ಗೂಡಿನಲ್ಲಿ ಒಂದು ಪಿನ್ನಿನ ಹಿಡಿತ ಸಡಿಲವಾಗಿತ್ತು. ಕಾದಾಗ ಹಿಗ್ಗಿ, ಅಲುಗಿದಾಗ ಕೈಬಿಡುತ್ತಿತ್ತು. ‘ಸಿಕ್ತು ಕಣೇ! ಸಿಕ್ತು ಕಳ್ಳ!’ ಅಂತ ಕೂಗಿದ. ಅವನ ಮುಖದಲ್ಲಿ ಅಂಥ ಬೆಳಕು ನೋಡಿ ಎಷ್ಟು ಕಾಲವಾಗಿತ್ತೋ. ಮನೆಗೆ ಬಂದು ಗೂಡನ್ನೇ ಬದಲಾಯಿಸಿದ. ಮತ್ತೆ ದಿನಾ ಬಲ್ಬಿನ ಸವಾರಿ. ರೈಲ್ವೆ ಗೇಟು, ಸೇತುವೆ, ಹಳ್ಳದ ರಸ್ತೆ, ಎಲ್ಲೂ ಆರಲಿಲ್ಲ. ‘ಹೊರಡೋಣ’ ಅಂದ. ಅತ್ತಿಗೆ ಅಕ್ಕನಿಗೆ ಫೋನ್ ಮಾಡಿ ‘ನಾಳೆ ಬರ್ತಾ ಇದೀವಿ ಅಕ್ಕಾ’ ಅಂದರು. ಆ ಕಡೆಯಿಂದ ಅಳು ಬಂತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಣ್ಣ ‘ಉರಿಬಿಸಿಲಲ್ಲಿ ಒಂದು ಕೊನೇ ಸುತ್ತು ಹಾಕ್ಬಿಡೋಣ’ ಅಂದ. ಬೇಡ ಅನ್ನಬೇಕಿತ್ತು ನಾನು. ಹೋದೆವು. ಮಾರ್ಕೆಟ್ಟಿನ ತಿರುವಿನಲ್ಲಿ ಅಣ್ಣ ಗಕ್ಕನೆ ಬ್ರೇಕು ಹಾಕಿದ.

‘ಮಿಣುಕ್ತು.’

‘ಯಾವುದು?’

‘ಬಲ್ಬು. ಮಿಣುಕ್ತು.’

‘ಇಲ್ಲ ಅಣ್ಣಾ. ನಾನು ಅದನ್ನೇ ನೋಡ್ತಾ ಇದ್ದೆ. ಉರೀತಾನೇ ಇತ್ತು.’

‘ನಾನು ನೋಡ್ದೆ.’

‘ಬಿಸಿಲು ಹೊಡೆದಿರ್ಬೇಕು ಕಣೋ ನಿನ್ನ ಕಣ್ಣಿಗೆ!’

‘ನಾನು ನೋಡ್ದೆ ಅಂದ್ನಲ್ಲ’ ಅಂದ. ಅಲ್ಲೇ ನಿಂತು ಎಷ್ಟು ಹೊತ್ತು ಕಾದರೂ ಬಲ್ಬು ಮಿಸುಕಲಿಲ್ಲ. ಅದು ಮಿಣುಕಿತ್ತೋ, ಹೆಂಡತಿಯ ನೇರಳೆ ತುಟಿ ಅವನ ಕಣ್ಣೊಳಗೆ ಮಿಣುಕಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಪ್ರಯಾಣ ನಿಂತಿತು. ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ‘ನಿನ್ನ ಕೈಯಲ್ಲಿ ರಿಪೇರಿಯಾಗೋದು ಬರೀ ಊರವರ ಗಾಡಿ!’ ಅಂದೆ. ಅತ್ತಿಗೆಯೇ ಫೋನ್ ತೆಗೆದುಕೊಂಡು, ‘ಅಕ್ಕಾ, ಇನ್ನೊಂದು ವಾರ’ ಅಂದರು.

ಆ ವಾರ ಅವನು ಅಂಗಡಿಯ ಬಾಗಿಲು ತೆಗೆಯಲಿಲ್ಲ. ಕಾರಿನ ಸೀಟು, ಕಾರ್ಪೆಟ್ಟು, ಡ್ಯಾಶ್‌ಬೋರ್ಡು ಎಲ್ಲವನ್ನೂ ಕಳಚಿ ಅಂಗಳದಲ್ಲಿ ಹರಡಿದ. ವೈರುಗಳನ್ನು ಉದ್ದಕ್ಕೂ ಬೆರಳಲ್ಲಿ ಸವರಿಕೊಂಡು ಹೋದ. ಎಲ್ಲೂ ಏನೂ ಇರಲಿಲ್ಲ. ಮತ್ತೆ ಜೋಡಿಸಿದ. ಜೋಡಿಸಿ ಮುಗಿಸಿದ ಮರುದಿನ ಬೆಳಿಗ್ಗೆ ಅಕ್ಕನ ಸೊಸೆಯ ಫೋನ್ ಬಂತು. ಅತ್ತಿಗೆಯೇ ತೆಗೆದುಕೊಂಡರು. ‘ಹ್ಞೂಂ’ ಅಂದರು. ‘ಯಾವಾಗ?’ ಅಂದರು. ಫೋನ್ ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿ ಕೂತರು. ಅಳಲು ಸಹ ಉಸಿರು ಬೇಕು. ಅವರಿಗೆ ಅಷ್ಟು ಉಸಿರಿರಲಿಲ್ಲ. ಅಯ್ಯೋ, ಆ ಬೆನ್ನು ಅಲುಗುತ್ತಿದ್ದದ್ದನ್ನು ನೋಡಲಾರದೆ ನಾನು ಹೊರಗೆ ಬಂದೆ.

ಸ್ವಲ್ಪ ಹೊತ್ತಾದ ಮೇಲೆ ಅವರೇ ಕರೆದರು. ‘ರೀ, ಮುಖ ಆದ್ರೂ ನೋಡ್ಬೇಕು.’

ಅಣ್ಣ ಟೆಸ್ಟ್ ಲ್ಯಾಂಪ್ ಮುಟ್ಟಲಿಲ್ಲ, ರಿಲೇ ಮೇಲೆ ಬೆರಳಿಡಲಿಲ್ಲ. ಮಿಷನ್ನನ್ನು ಅವರ ಕಾಲ ಹತ್ತಿರ ಇಟ್ಟು, ಸಾಕೆಟ್ಟಿಗೆ ಸಿಕ್ಕಿಸಿ, ಹೊರಟ.

ಹೋದೆವು. ಮಾರ್ಕೆಟ್ಟಿನ ತಿರುವು ಬಂತು, ರೈಲ್ವೆ ಗೇಟು ಬಂತು, ಸೇತುವೆಯ ಮೇಲೆ ಗಾಡಿಗಳು ಸಿಕ್ಕಿಕೊಂಡಿದ್ದವು. ಕರೆಂಟು ಬರುತ್ತಿದ್ದರೆ ಮಿಷನ್ನಿನ ಮೇಲೆ ಒಂದು ಹಸಿರು ದೀಪ ಉರಿಯುತ್ತದೆ. ನಾವು ಮೂವರೂ ಅದನ್ನೇ ನೋಡುತ್ತಿದ್ದೆವು. ಹೆದ್ದಾರಿ ಸಿಕ್ಕಿತು. ಹೆದ್ದಾರಿ ಬಿಟ್ಟ ಮೇಲೆ ರಸ್ತೆ ಅಗೆದುಹಾಕಿದ್ದರು, ಕಾರು ಎತ್ತೆತ್ತಿ ಹಾಕಿತು. ಬಿಸಿಲು ಏರಿ ಡ್ಯಾಶ್‌ಬೋರ್ಡು ಮುಟ್ಟಲಾಗದಷ್ಟು ಕಾದಿತು. ಹಸಿರು ದೀಪ ಒಂದು ಕ್ಷಣವೂ ಅಲುಗಲಿಲ್ಲ. ಮಿಷನ್ನು ಗುರುಗುಟ್ಟುತ್ತಾ ಉಸಿರು ಕೊಡುತ್ತಲೇ ಇತ್ತು. ಅಕ್ಕನ ಬೀದಿಗೆ ತಿರುಗಿ, ಬಾಗಿಲ ಮುಂದೆ ನಿಂತ ಜನ ಕಂಡಾಗ ಅತ್ತಿಗೆ ಮೊದಲ ಸಲ ಬಾಯಿಬಿಟ್ಟರು.

‘ಇಷ್ಟೇನಾ ದೂರ?’

ಅಣ್ಣ ಕಾರು ನಿಲ್ಲಿಸಿ, ಮಿಷನ್ ಎತ್ತಿಕೊಳ್ಳಲು ಈ ಕಡೆ ಬಂದ.

ಅಲ್ಲಿ ಮಿಷನ್ನಿಗೆ ಗೋಡೆಯ ಪ್ಲಗ್ಗು ಸಿಕ್ಕಿತು, ಕೊಳವೆ ಅಕ್ಕನ ತಲೆಯ ಹತ್ತಿರದವರೆಗೆ ಬಂತು. ಅತ್ತಿಗೆ ಪಕ್ಕದಲ್ಲಿ ಕೂತು ಅವರ ಕೂದಲು ಸರಿಮಾಡಿದರು. ‘ಚಿಕ್ಕತ್ತೇ, ಕೊನೇ ದಿನಗಳಲ್ಲಿ ಹೊರಗೆ ಕಾರಿನ ಸದ್ದಾದ್ರೆ ಸಾಕು, ಯಾರು ನೋಡು ಅಂತಿದ್ರು ಅತ್ತೆ’ ಅಂದಳು ಸೊಸೆ. ಅವಳಿಗೆ ಯಾರನ್ನೂ ಚುಚ್ಚುವ ಉದ್ದೇಶವಿರಲಿಲ್ಲ, ಇದ್ದದ್ದನ್ನು ಹೇಳಿದಳು, ಅಷ್ಟೆ. ಅಣ್ಣ ಎದ್ದು ಹೊರಗೆ ಹೋದ.

ಬರುವಾಗಲೂ ಅದೇ ದಾರಿ, ಅದೇ ಹೊಂಡಗಳು. ಸಾಕೆಟ್ ಆಗಲೂ ಕೈಕೊಡಲಿಲ್ಲ. ನಮ್ಮ ಅಂಗಳದಲ್ಲಿ ಕಾರು ನಿಂತ ಮೇಲೂ ಅಣ್ಣ ಎಂಜಿನ್ ಆರಿಸಲಿಲ್ಲ, ಅತ್ತಿಗೆ ಇಳಿಯಲಿಲ್ಲ. ಹಸಿರು ದೀಪ ಉರಿಯುತ್ತಿತ್ತು.

‘ಹೋಗ್ತಾನೂ ಕಾದೆ, ಬರ್ತಾನೂ ಕಾದೆ ಕಣ್ರೀ’ ಅಂದರು ಅತ್ತಿಗೆ. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ‘ಎಲ್ಲಾದ್ರೂ ಒಂದ್ಕಡೆ ಇದು ನಿಂತುಹೋಗ್ಲಿ ಅಂತ. ನಿಂತಿದ್ರೆ, ನೀವು ತಡ ಮಾಡಿದ್ದೇ ಸರಿ ಅಂದ್ಕೊಂಡು ಹೇಗೋ ಇದ್ದುಬಿಡ್ತಿದ್ದೆ.’

ಅಣ್ಣ ಸ್ಟೀರಿಂಗ್ ಮೇಲಿಂದ ಕೈ ತೆಗೆದ.

‘ನಾನೂ ಅದಕ್ಕೇ ಕಾಯ್ತಾ ಇದ್ದೆ’ ಅಂದ.

ನಾನು ಇಳಿದು ಒಳಗೆ ಹೋಗಿ, ಮಿಷನ್ನಿನ ಪ್ಲಗ್ಗಿಗೆ ಗೋಡೆಯ ಸ್ವಿಚ್ಚು ಹಾಕಿದೆ.